ನಳದ ನೀರಾಗ ಬೇಯದ ಬ್ಯಾಳಿ

ಪೊಲೀಸ್ ಆ್ಯಕ್ಷನ್ ಆಗಿ ವರ್ಷ ಕಳೆದಿತ್ತು. ಚಿದ್ರಿಯ ಬಾವಿಯ ಮುಂದೆ ಪಾಳಿ ಹಚ್ಚಿದ್ದ ಗುಂಡಮ್ಮನಿಗೆ ನಗು ತಡೆಯಲಾಗಲಿಲ್ಲ. ಓಣಿಗೆಲ್ಲ ಮೊದಲು ಮನೆಯೊಳಗೆ ನಳ ಹಾಕಿಸಿಕೊಂಡು ಮೆರೆದಿದ್ದ ಮಡೆಪ್ಪ ಹೆಂಗಸರ ನಡುವೆ ಕೊಡ ಹಿಡಿದು ನಿಂತಿದ್ದ. ಅವನ ಮುಂದಿದ್ದ ಇಮಾಮಬೀ ಕೇಳಿಯೇಬಿಟ್ಟಳು.

“ಯಾಕ ಮಡೆಪ್ಪಣ್ಣಾ, ನಳ ನಿಂತದೇನ್ರಿ?”

“ಭರ್ತಿ ಸುರೀಲಿಕತ್ತದ್ರಿ ಅಕ್ಕಾ. ಭಾಲ್ಕಿಯಿಂದ ಹೆಣ್ಣು ನೋಡ್ಲಿಕ್ಕ ಬಂದಾರ. ಮಗಳು ನಳದ ನೀರಾಗ ಬ್ಯಾಳಿ ಇಟ್ಟಳು. ಎಷ್ಟು ಕುದಿಸಿದ್ರೂ ಹಳ್ಳಿನಂಗ ಗಟ್ಟಿ ಅದ.”

“ನೀರು ಗಡಸ ಇರಬೇಕ್ರಿ.”

“ನಮ್ಮಾಕಿನೂ ಅದನ್ನೇ ಅಂದಳು. ನಾ ಕೇಳ್ಲಿಲ್ಲ. ಬ್ಯಾಳಿ ಹಳೇದು ಅಂದೆ. ಕಟಗಿ ಹಸಿ ಅಂದೆ.”

“ಮತ್ತ?”

“ಹುಡುಗಿಗೆ ಅಡಗಿ ಬರಲ್ಲ ಅಂದೆ.”

“ಬಂದವರ ಮುಂದ? ಯಾ ಅಲ್ಲಾ! ನೀರಿನ ತಪ್ಪು ಕೂಸಿನ ತಲಿಗೆ ಕಟ್ಟಿದ್ರೇನ್ರಿ?”

“ನಮ್ಮಾಕಿ ಸಿಟ್ಟಿಗೆದ್ದು ಬಾಜೂ ಮನಿಯಿಂದ ಒಂದು ಚೆಂಬು ಬಾವಿ ನೀರು ಇಸ್ಕೊಂಡು ಬಂದಳು. ಅದೇ ಬ್ಯಾಳಿ, ಅದೇ ಕಟಗಿ. ಒಂದು ಗಡಿಗ್ಯಾಗ ನಳದ ನೀರು, ಒಂದರಾಗ ಬಾವೀದು. ಎಲ್ಲರೂ ಒಲಿ ಮುಂದ ಕುಂತು ನೋಡಿದ್ರು. ಬಾವಿ ನೀರಿಂದು ಬೆಣ್ಣಿಯಂಗ ಬೆಂತು. ನಳದ್ದು ಹಂಗೇ ಕುಂತದ.”

“ಬಂದವರು ಏನಂದ್ರು?”

“ಹುಡುಗಿ ಪಸಂದ ಅಂದ್ರು. ಊಟ ಮಾಡಿಕೊಂಡೇ ಹೋಗ್ತಾರಂತ.”

“ನಿಮ್ಮ ಮಗಳು?”

ಮಡೆಪ್ಪ ಕೊಡವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

“ಈ ಕೊಡ ತಂದು ನನ್ನ ಕೈಯಾಗ ಕೊಟ್ಟಳು.”

ಗುಂಡಮ್ಮನ ನಗು ನಿಂತುಹೋಯಿತು. ಇಮಾಮಬೀ ಬದಿಗೆ ಸರಿದು ತನ್ನ ಪಾಳಿ ಬಿಟ್ಟುಕೊಟ್ಟಳು. ಮಡೆಪ್ಪ ನೀರು ಸೇದಿಕೊಂಡು, ಯಾರ ಮುಖವನ್ನೂ ನೋಡದೆ ಮನೆಯ ದಾರಿ ಹಿಡಿದ.