ಹೊಸ್ತಿಲ ಬಳಿ ಎರಡು ಲೋಟ

2008ರ ನವೆಂಬರ್. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಬೆಳಗಿನಿಂದ ಹಿಡಿದ ಮಳೆ ಬಿಟ್ಟಿರಲಿಲ್ಲ. ಸಂಜೆ ನಾಲ್ಕಕ್ಕೇ ಕತ್ತಲು. ಲಿಂಡ್‌ಹೋಲ್ಮೆನ್‌ನ ಆಫೀಸಿನಿಂದ ನಾನು, ವಿಶಾಲ್, ಕೃತಿ ನೆನೆದುಕೊಂಡೇ ರಾಮಮೂರ್ತಿಗಳ ಹಳೆಯ ಮರದ ಮನೆ ಸೇರಿದೆವು. ಲಿಂಡ್‌ಹೋಲ್ಮೆನ್‌ನಲ್ಲಿ ಹಡಗು ಕಟ್ಟುತ್ತಿದ್ದ ಕಾಲದ ಎಂಜಿನಿಯರ್ ಅವರು. ಹೆಂಡತಿ ಜಾನಕಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು. ಮುಂಬಾಗಿಲು ತೆರೆದೇ ಇತ್ತು, ಹೊಸ್ತಿಲ ಬಳಿ ಎರಡು ಲೋಟ ನೀರು.

“ಅಂಕಲ್, ಹೀಟಿಂಗ್ ಎಲ್ಲಾ ವೇಸ್ಟ್ ಆಗ್ತಿದೆ. ಡೋರ್ ಕ್ಲೋಸ್ ಮಾಡ್ಲಾ?” ಎಂದ ವಿಶಾಲ್.

“ಮುಟ್ಟಬೇಡ!” ಎಂದು ರಾಮಮೂರ್ತಿಗಳು ಗದರಿದರು. ಆಮೇಲೆ ನಾಚಿಕೊಂಡವರಂತೆ ಕಾಫಿ ಬಗ್ಗಿಸುತ್ತ ಹೇಳತೊಡಗಿದರು.

“ಕೂತ್ಕೊಳ್ಳಿ... ಆರು ವರ್ಷದ ಹಿಂದಿನ ಮಾತು. ನಮ್ಮ ಜಾನಕಿಗೆ ಸ್ವೀಡನ್ ಆದ್ರೇನು, ಮುಸ್ಸಂಜೆ ದೀಪ ಹಚ್ಚಿ ಮುಂಬಾಗಿಲು ತೆಗೀಲೇಬೇಕು, ಲಕ್ಷ್ಮಿ ಬರೋ ಹೊತ್ತು ಅಂತ. ಈ ಚಳೀಲಿ ಯಾರಾದ್ರೂ ತೆಗೆದಿಡ್ತಾರಾ? ಒಂದು ಸಂಜೆ ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಿದ್ಲು... ಉದ್ದ ಲಂಗ, ಅಂಚೆಲ್ಲ ಸುಟ್ಟಿತ್ತು, ಮಳೇಲಿ ನೆಂದಿದ್ರೂ ಮೈಯೆಲ್ಲ ಹೊಗೆ ವಾಸನೆ. ‘ವಾಟ್ಟೆನ್’ ಅಂದ್ಲು, ನೀರು ಅಂತ. ಜಾನಕಿ ಕೊಟ್ಲು. ಕುಡಿದು ಹೋದ್ಲು. ಮಾರನೇ ಸಂಜೆ ಮತ್ತೆ ಬಂದ್ಲು...

ಮಹಡಿ ಮೇಲೆ ಬಾಡಿಗೆಗಿದ್ದ ಮುದುಕಿಯನ್ನ ಕೇಳ್ದೆ. ಆಕೆ ಮುಖ ಬಿಳಿಚ್ಕೊಳ್ತು. ಹಿಂದೆ ಇದೇ ಮನೇಲಿದ್ದ ಒಬ್ಬ ತಾಯಿ, ತನ್ನ ಮಗಳು ಅಮೆರಿಕಕ್ಕೆ ಹೊರಟಾಗ ‘ಇನ್ನು ಈ ಬಾಗಿಲು ನಿನಗೆ ತೆಗೆಯಲ್ಲ’ ಅಂದಿದ್ಲಂತೆ. ಹುಡುಗಿ ಹೋಗಿದ್ದು ಮಿನೆಸೋಟಾ ರಾಜ್ಯದ ಹಿಂಕ್ಲಿ ಅನ್ನೋ ಊರಿಗೆ. 1894, ಸೆಪ್ಟೆಂಬರ್ ಒಂದು... ಮಳೆ ಕಾಣದ ಬೇಸಿಗೆ, ಮರ ಕಡಿದೋರು ಬಿಟ್ಟುಹೋದ ಒಣರೆಂಬೆ, ಕಾಳ್ಗಿಚ್ಚು ಹತ್ತಿ ಒಂದೇ ಮಧ್ಯಾಹ್ನಕ್ಕೆ ಊರಿಗೆ ಊರೇ ಬೂದಿ. ನಾನೂರಕ್ಕೂ ಮೇಲೆ ಜನ ಸತ್ರು, ಆ ಹುಡುಗೀನೂ. ಲೈಬ್ರರಿಗೆ ಹೋಗಿ ಆ ರಾಜ್ಯದ ಚರಿತ್ರೆ ತೆಗೆದು ನೋಡ್ದೆ, ಆ ಕಾಳ್ಗಿಚ್ಚಿಗೆ ಎರಡೇ ಸಾಲು! ಅವಳಿಗೆಷ್ಟು ಬಾಯಾರಿರಬೇಕು, ಯೋಚನೆ ಮಾಡಿ...

ಹೇಳಿದ್ರೆ ಜಾನಕಿ ಹೆದರಲೇ ಇಲ್ಲ. ನಮಗೆ ಮಕ್ಕಳಿರಲಿಲ್ಲ ನೋಡಿ. ‘ನಾಳೆ ಒಳಗೆ ಕರೆದು ಊಟಕ್ಕೆ ಕೂರಿಸ್ತೀನಿ’ ಅಂದ್ಲು. ನನಗೆ ಜೀವ ಬಾಯಿಗೆ ಬಂತು. ಅವಳ ಜೊತೇಲೇ ಇವಳೂ ಹೊರಟುಹೋದ್ರೆ? ಮಾರನೇ ಸಂಜೆ ನಾನೇ ಬಾಗಿಲಿಗೆ ಬೀಗ ಹಾಕ್ಬಿಟ್ಟೆ. ಹೊರಗೆ ಬಡೀತಾನೇ ಇದ್ಲು... ಒಂದು ಗಂಟೆ. ‘ಅವರಮ್ಮ ಮಾಡಿದ್ದನ್ನೇ ನೀವೂ ಮಾಡಿದ್ರಿ’ ಅಂತ ಜಾನಕಿ ಅತ್ಲು. ಆಮೇಲೆ ಸಾಯೋವರೆಗೂ ದಿನಾ ಬಾಗಿಲು ತೆಗೆದು ಕಾದ್ಲು. ಹುಡುಗಿ ಬರಲಿಲ್ಲ. ಇವಳು ನನ್ನನ್ನ ಕ್ಷಮಿಸಲೂ ಇಲ್ಲ.”

“ಮತ್ತೆ ಈಗ್ಯಾಕೆ ಓಪನ್ ಇಡ್ತೀರ, ಅಂಕಲ್?” ಕೃತಿ ಮೆಲ್ಲಗೆ ಕೇಳಿದಳು.

“ಜಾನಕಿ ಹೋದ ಹದಿಮೂರನೇ ದಿನದಿಂದ ಆ ಹುಡುಗಿ ಮತ್ತೆ ಬರ್ತಿದಾಳಲ್ಲಮ್ಮ...” ರಾಮಮೂರ್ತಿಗಳು ಎದ್ದು ದೀಪ ಹಚ್ಚಿದರು. “ಈಗ ಇಬ್ಬರು ಬರ್ತಾರೆ. ಒಬ್ಬಳು ‘ವಾಟ್ಟೆನ್’ ಅಂತಾಳೆ, ಇನ್ನೊಬ್ಬಳು ಕನ್ನಡದಲ್ಲಿ ಕೇಳ್ತಾಳೆ. ನೀರು ಕುಡೀತಾರೆ. ನಾನು ಎಷ್ಟು ಕರೆದ್ರೂ ಹೊಸ್ತಿಲು ದಾಟಲ್ಲ... ವಿಶಾಲ್, ದಾರಿ ಬಿಟ್ಟು ಕೂತ್ಕೊಳಪ್ಪ. ಇವತ್ತು ನೀವು ಕರೀರಿ. ನೀವು ಕರೆದ್ರೆ ಬಂದಾರು.”