ಹೊತ್ತು ಮುಳುಗಿದ ಮೇಲಿನ ಹಾಲು

ಮಿರಜದಲ್ಲಿ ಕೂತರೂ ತನಗೆ ಸಾಂಗ್ಲಿಯ ಇರುವೆ ಕೆಮ್ಮಿದ್ದು ಕೇಳಿಸುತ್ತದೆ ಎಂದು ಮ್ಹೈಸಾಳದ ಭೂಪಾಲ ಆಸ್ಪತ್ರೆಯ ಬಾಕಿನ ಮೇಲೆ ಪಕ್ಕದವನಿಗೆ ಕೊಚ್ಚಿಕೊಳ್ಳುತ್ತಿದ್ದ. ಎದುರು ಬಾಕಿನಲ್ಲಿ ಹೆಂಗಸರಿಬ್ಬರು ಮಾತಿಗಿಳಿದರು. ಒಬ್ಬಳ ಮಗ್ಗುಲಲ್ಲಿ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿದ್ದ ಅತ್ತೆ ತೂಕಡಿಸುತ್ತಿದ್ದಳು.

“ನಿಮ್ಮ ಅತ್ತಿಯವ್ರಿಗೆ ಏನಾಗೇತ್ರಿ?”

“ಎಲುಬು ಸವದಾವು. ಮುಟ್ಟಿದ್ರ ಹಪ್ಪಳ.”

“ಗುಳಿಗಿ ಕೊಟ್ಟಾರೇನು?”

“ವಾರಕ್ಕೊಂದು. ನುಂಗಿ ಅರ್ಧ ತಾಸು ಮಲಗಬಾರದಂತ. ಅದಕ್ಕ ಆವಾಗ ಅಂಗಳದ ಕಸಾ ಹೊಡಸ್ತೀನಿ.”

“ವ್ಯಾಯಾಮ?”

“ಅದನ್ನೂ ಹೇಳ್ಯಾರ. ಕೆಲಸದಾಕಿನ್ನ ಬಿಡಿಸಿ ಭಾಂಡೆ ತಿಕ್ಕೂದು ಈಕಿಗೇ ಹಚ್ಚೇವಿ.”

“ಹಾಲರೆ ಕುಡಿಸ್ರಿ.”

“ಮುಂಜಾನಿ ಹಾಲು ಡೈರಿಗೆ ಹೋಗತೈತಿ. ಸಂಜಿಗೆ ಎಮ್ಮಿ ಹಿಂಡೂದ್ರಾಗ ಹೊತ್ತು ಮುಳುಗಿರತೈತಿ. ನಾವು ಜೈನರು, ಆಮ್ಯಾಲ ಆಕಿ ಹನಿ ನೀರೂ ಮುಟ್ಟಂಗಿಲ್ಲ. ಮುದುಕಿ ಧರ್ಮಾ ನಾ ಕೆಡಸ್ಲ್ಯಾ?”

“ಇಂಥಾ ಸೊಸಿ ನಮ್ಮನ್ಯಾಗಿದ್ರ ಕೃಷ್ಣಾ ನದಿ ಆಚೆ ಒಗೀತಿದ್ದೆ,” ಎಂದು ಭೂಪಾಲ ಪಕ್ಕದವನಿಗೆ ಪಿಸುಗುಟ್ಟಿದ.

ನರ್ಸ್ ಕರೆದಳು. ಸೊಸೆ ಅತ್ತೆಯನ್ನು ಎಬ್ಬಿಸಿ ಭೂಪಾಲನ ಕಡೆ ತಿರುಗಿದಳು. “ಏಳ್ರಿ, ನಿಮ್ಮವ್ವನ ಚೀಲಾ ತರ್ರಿ.”

ಪಕ್ಕದವ ಅವನನ್ನೇ ನೋಡಿದ.

“ಎಮ್ಮಿ ಹಿಂಡಾಂವ ನಾನಽ,” ಎಂದ ಭೂಪಾಲ, ಚೀಲ ಎತ್ತಿಕೊಳ್ಳುತ್ತ. “ಹೊತ್ತು ಮುಳುಗೂತನಕಾ ಕಟ್ಟಿ ಮ್ಯಾಲ ಕಾಯ್ಕೋತ ಕುಂತಿರತೀನಿ.”