ಮೆಷಿನ್ ಸದ್ದು ಕೇಳಬಾರದ ಮನೆ

ಬಸ್ ನಿಲ್ದಾಣದ ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದ ಗಂಡ ಹೆಂಡತಿ, ಶ್ರೀಮಂತರ ಬಡಾವಣೆಯಲ್ಲಿ ಬಾಡಿಗೆ ಮನೆಯೊಂದನ್ನು ನೋಡಿ ಬಂದಿದ್ದರು. ಗಂಡ ಚೀಟಿಯ ಮೇಲೆ ಖರ್ಚು ಬರೆಯುತ್ತಿದ್ದ.

“ಬಾಡಿಗೆ ಈಗಿನದರ ಎರಡರಷ್ಟು. ಆದ್ರೆ ವಿಳಾಸ ಹೇಳ್ಕೊಳೋಕೆ ಮರ್ಯಾದೆ ಇರುತ್ತೆ. ನಿನ್ನ ಹೊಲಿಗೆ ದುಡ್ಡು ಸೇರಿಸಿದ್ರೆ ಸರಿಹೋಗುತ್ತೆ.”

“ಹೊಲಿಗೆ ಮೆಷಿನ್ ಸದ್ದು ಕೇಳಬಾರದು ಅಂದ್ರಲ್ಲ ಓನರಮ್ಮ? ನೀವೂ ತಲೆ ಆಡಿಸಿದ್ರಿ.”

“ಆಡಿಸದೆ ಇದ್ದಿದ್ರೆ ಮನೆ ಕೊಡ್ತಿದ್ರಾ? ಅವರು ಹೊರಗೆ ಹೋದಾಗ ಹೊಲಿ.”

“ಅಳತೆ ಕೊಡೋಕೆ ಬರೋರನ್ನ ಏನು ಮಾಡ್ಲಿ? ಮಂಚದ ಕೆಳಗೆ ಬಚ್ಚಿಡ್ಲಾ?”

“ನೆಂಟರು ಅನ್ನು.”

“ದಿನಕ್ಕೆ ಎಂಟು ಜನ ನೆಂಟರಾ?”

“ಎಲ್ಲದಕ್ಕೂ ಕೊಕ್ಕೆ ಹಾಕ್ಬೇಡ. ನೀನು ಮನೇಲಿ ಸುಮ್ನೆ ಇರ್ತೀಯ, ಏನೂ ಕೆಲಸ ಮಾಡಲ್ಲ ಅಂತ ಅವರಿಗೆ ಆಗಲೇ ಹೇಳಿಬಿಟ್ಟಿದೀನಿ.”

ಆಕೆ ಚೀಟಿಯಲ್ಲಿ ಹೊಲಿಗೆ ದುಡ್ಡು ಬರೆದಿದ್ದ ಸಾಲಿನ ಮೇಲೆ ಬೆರಳಿಟ್ಟಳು.

“ಅದರಲ್ಲಿ ಹೊಸದೇನಿದೆ? ಹನ್ನೆರಡು ವರ್ಷದಿಂದ ನಿಮ್ಮ ಅಕ್ಕಂದಿರಿಗೂ ಅದನ್ನೇ ಹೇಳ್ಕೊಂಡು ಬಂದಿದೀರಿ.”

ಬಸ್ ಬಂತು. ಗಂಡ ಚೀಟಿ ಮಡಚಿ ಜೇಬಿಗಿಟ್ಟು ಎದ್ದ.

“ಟಿಕೆಟ್‌ಗೆ ಚಿಲ್ಲರೆ ಇದೆಯಾ ನಿನ್ನ ಹತ್ರ?”

ಆಕೆ ಪರ್ಸ್ ತೆರೆದಳು. ಇಬ್ಬರೂ ಬಸ್ ಹತ್ತಿದರು.